ಹೊಸ ವಿಮಾನಕ್ಕೆ ಹಳೇ ಬಸ್ಸಿನ ಕೊಳೆ

‘ನಮ್ಮ ಮನೆತನದಾಗೆ ಒಬ್ಬರು ಬಿ.ಎಸ್ಸಿ. ಮುಗಿಸೋದು ಈ ಜನ್ಮಕ್ಕೆ ಆಗೋ ಮಾತಲ್ಲ ಬಿಡು’ ಎಂದವಳು ನಮ್ಮ ಗಂಗತ್ತೆ. ಅಪ್ಪನ ಅಕ್ಕ. ಹೊನ್ನಾಳಿಯ ನಮ್ಮ ಮನೆಯಲ್ಲಿ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಾ, ನನ್ನ ಮುಖವನ್ನೂ ನೋಡದೆ ಅಂದಿದ್ದಳು. ಸಿಟ್ಟಿನಿಂದ ಅಂದದ್ದಲ್ಲ. ನಾಳೆ ಸಂತೆ ಇದೆ ಎನ್ನುವಷ್ಟೇ ಸಹಜವಾಗಿ ಅಂದದ್ದು.

ಆ ಮಾತು ಹೋದ ವಾರ ಇದ್ದಕ್ಕಿದ್ದಂತೆ ನೆನಪಾಯಿತು. ನೆನಪಿಸಿದ್ದು ಏನು ಗೊತ್ತೇ? ಒಂದು ಬಾಟಲಿ ಕೊಳೆ.

ನಮ್ಮ ಬೀದಿಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ. ಯುದ್ಧವಿಮಾನಗಳ ಪುಟ್ಟ ಮಾದರಿ ಮಾಡುವುದು ಅವರ ಹವ್ಯಾಸ. ಡಬ್ಬಿಯಲ್ಲಿ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ, ಇವರು ಅಂಟಿಸಿ ಬಣ್ಣ ಹಚ್ಚುತ್ತಾರೆ. ಕಾಫಿಗೆ ಕರೆದು ತಮ್ಮ ಮೇಜು ತೋರಿಸಿದರು. ಮೇಜಿನ ಮೇಲೆ ಹೆಬ್ಬೆರಳಿನಷ್ಟು ಉದ್ದದ ಬಾಟಲಿಗಳ ಸಾಲು. ಒಂದರಲ್ಲಿ ಕೆಸರು, ಒಂದರಲ್ಲಿ ಹೊಗೆಮಸಿ, ಒಂದರಲ್ಲಿ ಎಣ್ಣೆಜಿಡ್ಡು, ಮತ್ತೊಂದರಲ್ಲಿ ಧೂಳು.

‘ಇದಕ್ಕೆ ವೆದರಿಂಗ್ ಅಂತಾರೆ ಮೇಡಂ. ಹೊಸದಾಗಿ ಫಳಫಳ ಅಂದರೆ ಮಾಡೆಲ್ಲಿಗೆ ಜೀವ ಇರಲ್ಲ. ಬಿಸಿಲು ಮಳೆ ತಿಂದು ಬಂದ ಹಾಗೆ ಕಾಣಬೇಕು’ ಎಂದರು.

‘ಧೂಳನ್ನೂ ದುಡ್ಡು ಕೊಟ್ಟು ತರಿಸ್ತೀರಾ?’

‘ಇಂಪೋರ್ಟೆಡ್’ ಎಂದರು, ಹೆಮ್ಮೆಯಿಂದ.

(ಈ ಸುದ್ದಿ ಬರದ ಸೀಮೆ ಜಗಳೂರಿನವರ ಕಿವಿಗೆ ಬೀಳದಿರಲಿ. ಅವರ ಬಳಿ ಬೇಕಾದಷ್ಟು ಸ್ಟಾಕ್ ಇದೆ.)

‘ನಾನೂ ಒಂದು ವಿಮಾನ ಮಾಡಿದ್ದೆ. ವೆದರಿಂಗ್ ಕೂಡ ಆಗಿತ್ತು’ ಎಂದೆ. ಅವರು ನಕ್ಕು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. ನಂಬಲಿಲ್ಲ ಎಂದು ಅರ್ಥ. ಅವರು ನಂಬದಿದ್ದರೆ ಹೋಗಲಿ, ನಿಮಗೆ ಹೇಳುತ್ತೇನೆ. ಪ್ರತಿ ವಾರ ಈ ಅಂಕಣದಲ್ಲಿ ನನ್ನನ್ನು ಸಹಿಸಿಕೊಳ್ಳುವ ನಿಮಗೆ ನನ್ನ ಹೆಸರಿನ ಮುಂದೆ ಒಂದು ಡಿಗ್ರಿ ಇದೆ ಎಂಬುದು ಗೊತ್ತು. ಅದರ ಮುಕ್ಕಾಲು ಪಾಲು ಈ ವಿಮಾನಕ್ಕೆ ಸೇರಬೇಕಾದದ್ದು ಎಂಬುದು ಗೊತ್ತಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಹೊನ್ನಾಳಿಯ ಬಸ್ ಬಾಡಿ ಷೆಡ್ಡಿನಲ್ಲಿ ಪೇಂಟರ್. ಹೆಸರು ಹಾಲಪ್ಪ, ಊರಿಗೆಲ್ಲ ಪೇಂಟ್ ಹಾಲಪ್ಪ. ಓದಲು ಬರುತ್ತಿರಲಿಲ್ಲ. ಆದರೂ ನ್ಯಾಮತಿ, ಚನ್ನಗಿರಿ, ಜಗಳೂರು ಕಡೆ ಓಡುವ ಎಷ್ಟೋ ಖಾಸಗಿ ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಬರೆದದ್ದು ಅಪ್ಪನೇ. ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟರೆ ಅಕ್ಷರವನ್ನು ಹೂವು ಬಳ್ಳಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದ. ‘ನ್ಯಾಮತಿ’ ಎಂದು ಬರೆದ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಅಪ್ಪನಿಗೆ ಕಂಡಕ್ಟರ್ ಕೂಗಿದಾಗಲೇ ಗೊತ್ತಾಗುತ್ತಿದ್ದದ್ದು.

ಅವ್ವ ನಾನು ಆರನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ಅಷ್ಟು ಹೊತ್ತಿಗೆ ಗಂಡನನ್ನು ಕಳೆದುಕೊಂಡಿದ್ದ ಗಂಗತ್ತೆ ಜಗಳೂರಿನಿಂದ ಬಂದು ನಮ್ಮ ಮನೆ ಹಿಡಿದಳು. ನನ್ನನ್ನು ಬೆಳೆಸಿದವಳು ಅವಳೇ. ಹಾಗಾಗಿ ನನ್ನ ಬಗ್ಗೆ ಮಾತಾಡುವ ಹಕ್ಕೂ ಅವಳದೇ.

ನಾನು ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿದ್ದೆ. ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಶೇಂಗಾ ವ್ಯಾಪಾರ. ಯುಗಾದಿಯೊಳಗೆ ಉತ್ತರ ಬೇಕು ಎಂದರು. ಕೊನೆಯ ವರ್ಷ? ಅದರ ಬಗ್ಗೆ ಅವರು ಕೇಳಲೇ ಇಲ್ಲ.

‘ಇನ್ನೊಂದು ವರ್ಷ ಬಿಟ್ಟುಬಿಡಪ್ಪ’ ಎಂದೆ.

ಅಪ್ಪ ಕೈಯಲ್ಲಿನ ಬಣ್ಣ ಸೀಮೆಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತಿದ್ದ. ‘ಓದು ನಿನಗೆ ಹತ್ತೈತೋ ಇಲ್ಲೋ ನನಗೆ ಹೆಂಗೆ ತಿಳೀಬೇಕವ್ವ? ಮಾರ್ಕ್ಸ್ ಕಾರ್ಡು ತಂದು ತೋರಿಸ್ತೀಯ. ನನಗೆ ಅದು ಬರೀ ಗೆರೆ. ಅಕ್ಕ ಹೇಳೋದು ಕೇಳ್ಲೋ, ನೀ ಹೇಳೋದು ಕೇಳ್ಲೋ? ಕಣ್ಣಿಗೆ ಕಾಣೋದು ಏನಾರ ಐತಾ ನಿನ್ನ ಓದಿನಾಗೆ?’

ಯೋಚಿಸಿ ನೋಡಿದರೆ ನ್ಯಾಯವಾದ ಪ್ರಶ್ನೆ. ಓದು ಬಾರದವನಿಗೆ ಓದನ್ನು ಹೇಗೆ ತೋರಿಸುತ್ತೀರಿ?

‘ಕಾಲೇಜಿನಾಗೆ ಎಗ್ಸಿಬಿಷನ್ ಐತೆ. ಮಾಡೆಲ್ ಮಾಡಬೇಕು, ಬಂದೋರಿಗೆ ವಿವರಿಸಬೇಕು’ ಎಂದೆ.

‘ಬರ್ತೀನಿ. ನೋಡ್ತೀನಿ. ಆಮೇಲೆ ಅಕ್ಕಗೆ ಒಂದು ಮಾತು ಹೇಳ್ತೀನಿ’ ಎಂದ.

ಇಷ್ಟೇ. ನನ್ನ ಕೊನೆಯ ವರ್ಷ ಆ ಒಂದು ಮಾತಿನ ಮೇಲೆ ನಿಂತಿತು.

ವಿಮಾನವನ್ನೇ ಯಾಕೆ ಆರಿಸಿಕೊಂಡೆ? ಲೈಬ್ರರಿಯ ಹಳೆಯ ಮ್ಯಾಗಜಿನ್ ಒಂದರಲ್ಲಿ ನ್ಯಾಟ್ ಎಂಬ ಯುದ್ಧವಿಮಾನದ ನಕ್ಷೆ ಇತ್ತು. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ, ಮೂರೂ ಕಡೆಯ ಚಿತ್ರ. ಜೊತೆಗೆ ಯುದ್ಧ ಮುಗಿಸಿ ಬಂದು ನಿಂತ ಒಂದರ ಫೋಟೋ. ನ್ಯಾಟ್ ಚಿಕ್ಕ ವಿಮಾನ. ಮೂತಿಯಿಂದ ಬಾಲದವರೆಗೆ ಇಪ್ಪತ್ತೆಂಟು ಅಡಿ ಚಿಲ್ಲರೆ. ನಮ್ಮ ಬಸ್ಸಿಗಿಂತ ಅಂಥ ಉದ್ದವೇನಲ್ಲ. ಚಿಕ್ಕದಾಗಿದ್ದರೂ ದೊಡ್ಡವರ ಜೊತೆ ಬಡಿದಾಡಿತ್ತು ಎಂದು ಓದಿ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. (ಕಾರಣ ನೀವೇ ಊಹಿಸಿ.)

ಮ್ಯಾಗಜಿನ್ ಮನೆಗೆ ಕೊಡುವುದಿಲ್ಲ ಎಂದರು ಲೈಬ್ರೇರಿಯನ್. ನಾಲ್ಕು ಮಧ್ಯಾಹ್ನ ಅಲ್ಲೇ ಕೂತು, ಡಿವೈಡರ್ ಹಿಡಿದು ಒಂದೊಂದೇ ಅಳತೆ ತೆಗೆದು ಗ್ರಾಫ್ ಹಾಳೆಗೆ ಇಳಿಸಿದೆ. ಒಂದು ಅಡಿಗೆ ಒಂದು ಇಂಚು. ಈ ಲೆಕ್ಕ ಅಪ್ಪನಿಗೆ ಹೇಳಿದ ಕೂಡಲೇ ಅರ್ಥವಾಯಿತು. ‘ಹಂಗಾದ್ರೆ ನನ್ನ ಗೇಣಿಗೆ ಬಸ್ಸಿನ ಮೂರರಾಗೆ ಒಂದು ಪಾಲು ಬಂತು ಅನ್ನು’ ಎಂದ. ಸುಮಾರಿಗೆ ಸರಿಯಾಗಿಯೇ ಇತ್ತು.

ಷೆಡ್ಡಿನ ಬಡಗಿ ಹಾಲವಾಣ ಮರದ ತುಂಡೊಂದನ್ನು ಕೊಟ್ಟ. ಹಗುರ, ಮೆತ್ತಗೆ, ಕೆತ್ತಲು ಸುಖ. ಅಪ್ಪ ಕೆತ್ತುವುದು, ನಾನು ರಟ್ಟಿನಲ್ಲಿ ಕತ್ತರಿಸಿದ ಅಚ್ಚು ಇಟ್ಟು ನೋಡುವುದು. ಮೊದಲ ಜಗಳ ರೆಕ್ಕೆಗೆ. ಅಪ್ಪ ಅದನ್ನು ಕುಡುಗೋಲಿನ ಹಿಡಿಯಷ್ಟು ದಪ್ಪ ಇಟ್ಟಿದ್ದ.

‘ತೆಳ್ಳಗಾಗಬೇಕಪ್ಪ. ಮೇಲೆ ಉಬ್ಬು, ಕೆಳಗೆ ಸಪಾಟು.’

‘ತೆಳ್ಳಗಾದ್ರೆ ಅಷ್ಟು ಭಾರ ಹೆಂಗೆ ತಡೀತೈತೆ?’

ಒಂದು ಕಾಗದದ ಪಟ್ಟಿ ತೆಗೆದು ತುಟಿಯ ಕೆಳಗೆ ಹಿಡಿದು ಅದರ ಮೇಲೆ ಗಾಳಿ ಊದಿದೆ. ಜೋತುಬಿದ್ದ ಕಾಗದ ಎದ್ದು ನಿಂತಿತು. ಮೇಲಿನ ಗಾಳಿ ಜೋರಾಗಿ ಓಡಿದರೆ ಅಲ್ಲಿ ಒತ್ತಡ ಕಡಿಮೆ, ಕೆಳಗಿನ ಗಾಳಿ ಎತ್ತುತ್ತದೆ ಎಂದು ಹೇಳಿದೆ. ಅಪ್ಪ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೂ ಊದಿದ. ಮತ್ತೆ ಊದಿದ. ಹೊಸಿಲಲ್ಲಿ ನಿಂತ ಗಂಗತ್ತೆ ನೋಡಿ ನೋಡಿ, ‘ಅಪ್ಪ ಮಗಳಿಗೆ ಏನು ಬಡಕಂಡೈತೋ’ ಎಂದು ಒಳಗೆ ಹೋದಳು.

ರೆಕ್ಕೆ ತೆಳ್ಳಗಾಯಿತು.

ಬಣ್ಣದ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ. ಅದು ಅಪ್ಪನ ರಾಜ್ಯ. ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಮತ್ತೆ ಉಜ್ಜಿ, ಹಸಿರು ಮತ್ತು ಕಂದು ಬಣ್ಣದ ಮಚ್ಚೆಗಳನ್ನು ಫೋಟೋದಲ್ಲಿದ್ದಂತೆ ಹಾಕಿದ. ಹೊಟ್ಟೆಗೆ ಸಿಲ್ವರ್. ನಾಲ್ಕು ದಿನದ ಮೇಲೆ ನೋಡಿದರೆ ವಿಮಾನ ಕನ್ನಡಿಯಂತೆ ಹೊಳೆಯುತ್ತಿದೆ. ಇಷ್ಟೇ ಸಾಲದೆಂದು ಪಕ್ಕಕ್ಕೆ ಹಳದಿ ಬಾರ್ಡರ್ ಎಳೆದಿದ್ದ.

‘ಮುಂದೆ ಏನು ಬರೀಲಿ? ಆಂಜನೇಯ ಪ್ರಸನ್ನ ಅಂತ ಬರೀಲಾ?’

‘ಬ್ಯಾಡಪ್ಪ. ಇದು ಮಿಲಿಟರಿದು.’

‘ಮಿಲಿಟರಿಯೋರಿಗೆ ದೇವರು ಬ್ಯಾಡೇನು?’

ಬಾರ್ಡರ್ ಅಳಿಸಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಇನ್ನೂ ದೊಡ್ಡ ಮಾತು ಬಾಕಿ ಇತ್ತು. ಫೋಟೋದಲ್ಲಿದ್ದ ವಿಮಾನ ಹೀಗಿರಲಿಲ್ಲ. ಅಲ್ಲಲ್ಲಿ ಬಣ್ಣ ಕಿತ್ತಿತ್ತು, ಹೊಗೆ ಹಿಡಿದಿತ್ತು, ಎಣ್ಣೆ ಸೋರಿತ್ತು. ಕೆಲಸ ಮಾಡಿ ದಣಿದು ಬಂದ ಆಳಿನ ಹಾಗಿತ್ತು. ನಮ್ಮದು ಮದುವೆ ಗಂಡು.

‘ಇದನ್ನ ಹಳೇದು ಮಾಡಬೇಕಪ್ಪ’ ಎಂದೆ.

ಅಪ್ಪ ಬ್ರಷ್ ಕೆಳಗಿಟ್ಟ. ‘ಹಳೇ ಬಸ್ಸು ತರ್ತಾರೆ, ಹೊಸಾದು ಮಾಡಿ ಕೊಡ್ತೀನಿ. ಇಪ್ಪತ್ತು ವರ್ಷದಿಂದ ಅದೇ ನನ್ನ ಅನ್ನ. ಹೊಸಾದನ್ನ ಹಳೇದು ಮಾಡು ಅಂತ ಇವತ್ತಿನ ತನಕ ಯಾರೂ ನನ್ನ ಕೇಳಿಲ್ಲ. ನನ್ನ ಕೈಯಾಗೆ ಆಗಾಕಿಲ್ಲ.’

ಎರಡು ದಿನ ಅಪ್ಪ ವಿಮಾನವನ್ನು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ಮುಗಿಯಿತು ಎಂದುಕೊಂಡೆ. ಗಂಗತ್ತೆ ಜಗಳೂರಿನವರಿಗೆ ಕಾಗದ ಬರೆಸಲು ಪಕ್ಕದ ಮನೆಯವರನ್ನು ಕೇಳಿದ್ದು ಕಿವಿಗೆ ಬಿತ್ತು. (ಮನೆಯಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ನನ್ನ ಕೈಯಲ್ಲಿ ಹೇಗೆ ಬರೆಸುತ್ತಾಳೆ?)

ಮೂರನೇ ದಿನ ಬೆಳಿಗ್ಗೆ ಅಪ್ಪನೇ, ‘ಕಾಲೇಜಿಗೆ ಹೋಗೋಕೆ ಮುಂಚೆ ಷೆಡ್ಡಿಗೆ ಬಂದು ಹೋಗು’ ಎಂದ. ಹೋದೆ. ಜಗಳೂರು ರೂಟಿನಲ್ಲಿ ಓಡಿ ಓಡಿ ಸುಸ್ತಾದ ಬಸ್ಸೊಂದು ಬಣ್ಣಕ್ಕೆ ಬಂದು ನಿಂತಿತ್ತು. ಅಪ್ಪ ನನ್ನನ್ನು ಅದರ ಸುತ್ತ ನಡೆಸಿದ.

‘ನೋಡಿಲ್ಲಿ. ಬಾಗಿಲ ಹಿಡಿಕೆ ಹತ್ರ ಬಣ್ಣ ಇಲ್ಲ, ಕೈ ತಿಂದೈತೆ. ಮೆಟ್ಲ ಅಂಚು ಕಾಲು ತಿಂದೈತೆ. ಡೀಸಲ್ ಹಾಕೋ ಬಾಯಿ ಕೆಳಗೆ ಜಿಡ್ಡು. ಸೈಲೆನ್ಸರ್ ಹಿಂದೆ ಮಸಿ. ಚಕ್ರದ ಹಿಂದೆ ಮಣ್ಣು ಸಿಡಿದಿದ್ದು. ಬಸ್ಸು ಎಲ್ಲಾ ಕಡಿಗೂ ಒಂದೇ ಥರ ಹಳೇದಾಗಲ್ಲವ್ವ. ಮನುಷ್ಯ ಎಲ್ಲಿ ಮುಟ್ತಾನೋ ಅಲ್ಲಿ ಮೊದಲು ಹಳೇದಾಗ್ತೈತೆ.’

ಇಂಪೋರ್ಟೆಡ್ ಬಾಟಲಿಯ ಮೇಲೆ ಈ ಮಾತು ಬರೆದಿರುತ್ತದೆಯೇ? ನಾನು ನೋಡಲಿಲ್ಲ.

ಅಪ್ಪನ ಕಣ್ಣಿಗೆ ಹಳೆಯದಾಗುವುದರ ಪಾಠ ಪೂರ್ತಿ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಮುಚ್ಚುವುದಕ್ಕೆ ಬಳಸಿದ್ದ, ಅಷ್ಟೇ. ಅಂದೇ ಸಂಜೆ ಕೂತ. ಪೈಲಟ್ ಎಲ್ಲಿ ಹತ್ತುತ್ತಾನೆ, ಕಾಲು ಎಲ್ಲಿಡುತ್ತಾನೆ, ಎಣ್ಣೆ ಎಲ್ಲಿ ಹಾಕುತ್ತಾರೆ ಎಂದು ಕೇಳಿ ಕೇಳಿ ಗುರುತು ಹಾಕಿಕೊಂಡ. ಬಣ್ಣ ಕಿತ್ತ ಜಾಗಕ್ಕೆ ತುಕ್ಕಿನ ಬಣ್ಣ ಹಚ್ಚಲು ಹೋದಾಗ ನಾನು ತಡೆದೆ.

‘ವಿಮಾನ ಅಲ್ಯೂಮಿನಿಯಂದಪ್ಪ. ತುಕ್ಕು ಹಿಡಿಯಲ್ಲ.’

‘ನಮ್ಮ ಜರ್ಮನ್ ಪಾತ್ರೆ ಥರದ್ದಾ?’

‘ಹೂಂ. ಕೆರೆದರೆ ಒಳಗೆ ಬೆಳ್ಳಗೇ ಕಾಣಬೇಕು.’

ಅಪ್ಪ ನಾಲ್ಕು ದಿನದ ಬಣ್ಣವನ್ನೆಲ್ಲ ಉಜ್ಜಿ ತೆಗೆದ. ಮೊದಲು ಇಡೀ ಮೈಗೆ ಸಿಲ್ವರ್, ಅದರ ಮೇಲೆ ಹಸಿರು ಕಂದು, ಹೊಳಪು ಸಾಯಲೆಂದು ಬಣ್ಣಕ್ಕೆ ಒಂದಿಷ್ಟು ಹೆಚ್ಚು ಸೀಮೆಎಣ್ಣೆ. ಒಣಗಿದ ಮೇಲೆ ಉಗುರಿನಿಂದ ಅಂಚು ಕೆರೆದರೆ ಒಳಗಿನ ಬೆಳ್ಳಿ ಇಣುಕಿತು. ಕೆರೆಬಿಳಚಿಯ ಗೆಳತಿಯೊಬ್ಬಳು ಅಡಿಕೆ ಬೇಯಿಸಿದ ಚೊಗರನ್ನು ಬಾಟಲಿಯಲ್ಲಿ ತಂದುಕೊಟ್ಟಳು. ಆ ಕೆಂಗಂದು ನೀರು ಗೀರುಗಳಲ್ಲಿ ಇಳಿದು ಎಣ್ಣೆಜಿಡ್ಡಿನಂತೆಯೇ ಕೂತಿತು. ಬಾಲದ ಹೊಗೆಗೆ ಮಸಿ ಕೆರೆದುಕೊಟ್ಟವಳು ಸ್ವತಃ ಗಂಗತ್ತೆ. ನೀರೊಲೆಯ ಹಂಡೆಯ ತಳ ಕೆರೆಯುತ್ತಾ, ‘ಮದುವೆ ವಯಸ್ಸಿನ ಹುಡುಗಿ ಮಸಿ ಬಳಕಂಡು ಕುಂತಾಳೆ’ ಎಂದು ಗೊಣಗಿದರೂ ಒಂದು ಹಿಡಿ ಜಾಸ್ತಿಯೇ ಕೊಟ್ಟಳು.

ಎಗ್ಸಿಬಿಷನ್ ದಿನ ನಾನು ಸೀರೆ ಉಡುತ್ತಿದ್ದಾಗ ಅಪ್ಪ ವಿಮಾನಕ್ಕೆ ಕೊನೆಯ ಕೈ ಆಡಿಸಿ, ಪಂಚೆ ಮುಚ್ಚಿ, ಸೈಕಲ್ಲಿನ ಹಿಂದೆ ಕಟ್ಟಿಟ್ಟಿದ್ದ. ಕಾಲೇಜಿನ ಹಾಲ್‌ನಲ್ಲಿ ಮೇಜಿನ ಮೇಲಿಟ್ಟಾಗಲೂ ನಾನು ಈಚೆ ಬದಿಯನ್ನಷ್ಟೇ ನೋಡಿದೆ. ಬಾಯಲ್ಲಿ ಇಂಗ್ಲಿಷ್ ಭಾಷಣ ಉರು ಹೊಡೆಯುತ್ತಿದ್ದೆ. ‘ರೆಸ್ಪೆಕ್ಟೆಡ್ ಜಡ್ಜಸ್’ ಎಂದು ಶುರುವಾಗಿ ಎರಡು ಪುಟ ಇತ್ತು. ಅಪ್ಪ ಬಾಗಿಲ ಬಳಿ, ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದ.

ಜಡ್ಜ್ ಆಗಿ ಬಂದವರು ನ್ಯಾಮತಿಯ ರುದ್ರಪ್ಪನವರು. ಏರ್‌ಫೋರ್ಸಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆಗಿ, ಊರಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವರು. ನ್ಯಾಟ್ ವಿಮಾನದ ಹೊಟ್ಟೆಯೊಳಗೆ ಕೈ ಹಾಕಿದವರು. ನನ್ನ ಮೇಜಿನ ಮುಂದೆ ನಿಂತು ಬಗ್ಗಿ ನೋಡಿದರು. ಕಾಕ್‌ಪಿಟ್ಟಿನ ಅಂಚಿನಲ್ಲಿ ಕಿತ್ತಿದ್ದ ಬಣ್ಣದ ಮೇಲೆ ಬೆರಳಾಡಿಸಿದರು.

‘ಇಲ್ಲಿ ಬೂಟು ತಾಗ್ತೈತೆ ಅಂತ ನಿನಗೆ ಯಾರಮ್ಮ ಹೇಳಿದ್ದು?’

‘ನಮ್ಮಪ್ಪ, ಸರ್.’

ಅವರು ಮೇಜಿನ ಆಚೆ ಬದಿಗೆ ಹೋದರು. ಅಲ್ಲಿ ನಿಂತುಬಿಟ್ಟರು. ‘ಇದೇನಿದು?’

ಬಗ್ಗಿ ನೋಡಿದೆ. ಕಾಕ್‌ಪಿಟ್ಟಿನ ಗಾಜಿನ ಕೆಳಗೆ ಗಾಳಿಗೆ ಹಿಂದಕ್ಕೆ ಬಳಿದ ಹಾಗೆ ಕೆಂಪು ಸೋರಿಕೆ. ಎರಡು ಗೀಟು. ಚೊಗರಿನಲ್ಲಿ ಬಹಳ ಚೆನ್ನಾಗಿ ಮಾಡಿದ್ದು. ನನಗೆ ಅದು ಗೊತ್ತೇ ಇರಲಿಲ್ಲ.

ಪಕ್ಕದಲ್ಲಿದ್ದ ನಮ್ಮ ಫಿಸಿಕ್ಸ್ ಲೆಕ್ಚರರ್ ಮೆಲ್ಲಗೆ, ‘ಹೈಡ್ರಾಲಿಕ್ ಆಯಿಲ್ ಅನ್ನಮ್ಮ, ಅದೂ ಕೆಂಪಗಿರುತ್ತೆ’ ಎಂದರು. ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು.

‘ಅದು ಎಲೆಅಡಿಕೆ ಉಗುಳಿದ್ದು ರೀ. ಕಿಟಕಿ ಇದ್ದ ಕಡೆ ಇರ್ತೈತಲ್ರೀ.’

ಇಡೀ ಹಾಲ್ ನಕ್ಕಿತು. ಹುಡುಗರು ಬೆಂಚು ಕುಟ್ಟಿ ನಕ್ಕರು. ಬಸ್ಸಿನಲ್ಲಿ ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ತೆಗೆದ ಕಲೆ ಅದು. ಕಿಟಕಿ ಎಂದರೆ ಅಪ್ಪನಿಗೆ ಆ ಕೆಂಪು ಗೀಟು ಬಿಟ್ಟು ಬೇರೆ ಇರಲಿಲ್ಲ. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅಪ್ಪ ನನ್ನ ಮುಖ ನೋಡಿದ. ಆ ನೋಟ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನನ್ನ ಕೊನೆಯ ವರ್ಷ ಆ ಬಾಗಿಲಿನಿಂದ ಆಚೆ ಹೋಯಿತು ಎಂದುಕೊಂಡೆ.

ನಗದೇ ಇದ್ದವರು ರುದ್ರಪ್ಪನವರೊಬ್ಬರೇ. ‘ಬಸ್ಸಿಗೆ ಬಣ್ಣ ಹಚ್ಚೋರಾ?’

‘ಹೌದ್ರೀ.’

‘ವಿಮಾನ ನೋಡೀರಾ?’

‘ಮ್ಯಾಲೆ ಹೋಗೋದು ನೋಡೀನ್ರೀ.’

ರುದ್ರಪ್ಪನವರು ಅಪ್ಪನನ್ನು ಕೈ ಮಾಡಿ ಮೇಜಿನ ಹತ್ತಿರ ಕರೆದರು. ನನ್ನ ಕಡೆ ತಿರುಗಿ, ‘ಹೇಳಮ್ಮ. ಪೈಲಟ್ ಯಾಕೆ ಉಗುಳಂಗಿಲ್ಲ?’ ಎಂದರು.

ಇಂಗ್ಲಿಷಿನ ಎರಡು ಪುಟ ಎಲ್ಲಿ ಹೋಯಿತೋ. ನಾನು ಜಡ್ಜಿಗೆ ಬೆನ್ನು ಮಾಡಿ ಅಪ್ಪನ ಕಡೆ ತಿರುಗಿದೆ.

‘ಮೇಲೆ ಹೋದಂಗೆ ಗಾಳಿ ತೆಳ್ಳಗಾಗ್ತೈತಪ್ಪ. ಅಷ್ಟು ಎತ್ತರದಾಗೆ ಉಸಿರಿಗೂ ಸಾಲದು. ಅದಕ್ಕೆ ಗಾಜು ಭದ್ರ ಮುಚ್ಚಿ, ಒಳಗೆ ಗಾಳಿ ತುಂಬಿರ್ತಾರೆ. ಸೈಕಲ್ ಟ್ಯೂಬಿಗೆ ತುಂಬಿದಂಗೆ.’

‘ಗಾಜು ತೆಗೆದ್ರೆ?’

‘ಒಳಗಿನ ಗಾಳಿ ಎಲ್ಲ ಒಂದೇ ಏಟಿಗೆ ಹೊರಗೆ. ಟ್ಯೂಬು ಪಂಕ್ಚರ್ ಆದಂಗೆ.’

‘ಮತ್ತೆ ಉಸಿರು?’

‘ಮೂಗು ಬಾಯಿಗೆ ಮಾಸ್ಕು ಇರ್ತೈತೆ. ಅದರಾಗೆ ಆಕ್ಸಿಜನ್ ಬರ್ತೈತೆ.’

ಅಪ್ಪ ಯೋಚಿಸಿದ. ‘ಬಾಯಾಗಿನ ಎಲೆಅಡಿಕೆ?’

‘ಹತ್ತೋಕೆ ಮುಂಚೆನೇ ಉಗುಳಿ ಹತ್ತಬೇಕು.’

ಹಾಲ್ ಮತ್ತೆ ನಕ್ಕಿತು. ಈ ಸಲದ ನಗು ಬೇರೆ. ಅಪ್ಪನೂ ನಕ್ಕ. ಆಮೇಲೆ ಮೇಜಿನ ಮೇಲೆ ಬಗ್ಗಿ, ತಣ್ಣಗೆ ಕೇಳಿದ: ‘ಇದೆಲ್ಲ ನಿನ್ನ ಪುಸ್ತಕದಾಗೆ ಐತಾ?’

‘ಐತಪ್ಪ.’

‘ಎಲ್ಲಾ ಓದಿ ಮುಗಿಸೀಯಾ?’

‘ಇಲ್ಲ. ಉಳಿದಿದ್ದು ಮುಂದಿನ ವರ್ಷದ್ದರಾಗೆ ಐತೆ.’

ಅಪ್ಪ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಗಾಜಿನ ಕೆಳಗಿನ ಆ ಕೆಂಪು ಗೀಟುಗಳನ್ನು ತಾನೇ ಒರೆಸಿದ. ಎರಡು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿದ. ತನ್ನ ಕೈಕೆಲಸವನ್ನು ಅಪ್ಪ ತಾನಾಗಿ ನಾಲ್ಕು ಜನರೆದುರು ಅಳಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾರ್ಡರ್ ಅಳಿಸಲು ಎಷ್ಟು ಕಾಡಿಸಿದ್ದ ಎಂದು ನಿಮಗೆ ಹೇಳಿದ್ದೇನಲ್ಲ.

ಮೊದಲ ಬಹುಮಾನ ಗೋಬರ್ ಗ್ಯಾಸ್ ಮಾಡೆಲ್ಲಿಗೆ ಹೋಯಿತು. (ಅದರಲ್ಲಿ ನಿಜವಾಗಿಯೂ ಬೆಂಕಿ ಹತ್ತಿತು. ತಕರಾರಿಲ್ಲ.) ನನ್ನದು ಎರಡನೆಯದು. ರುದ್ರಪ್ಪನವರು ಸರ್ಟಿಫಿಕೇಟ್ ಕೊಡುವಾಗ, ‘ಪೇಂಟರ್ ಸಾಹೇಬ್ರೂ ಬರ್ರಿ’ ಎಂದು ಅಪ್ಪನನ್ನೂ ಕರೆದರು. ನಾನು ತೆಗೆದುಕೊಂಡು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಓದಲಿಲ್ಲ, ನೋಡಿದ. ‘ಕೈ ನಡುಗಿಲ್ಲ. ಚೆನ್ನಾಗಿ ಬರ್ದಾರೆ’ ಎಂದ. ಮನೆ ದಾರಿಯಲ್ಲಿ ಸೈಕಲ್ ತಳ್ಳುತ್ತಾ ಮುಂದೆ ಅಪ್ಪ, ವಿಮಾನ ಎತ್ತಿಕೊಂಡು ಹಿಂದೆ ನಾನು. ಏನು ತೀರ್ಮಾನ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಗಂಗತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು.

‘ಅದು ಸರಿ ಹಾಲಪ್ಪ, ಜಗಳೂರಿನೋರು ಸೋಮವಾರ ಬರ್ತಾರೆ. ಹುಡುಗಿ ಎಲ್ಲಿ ಅಂದ್ರೆ ನಾನೇನು ಹೇಳಲಿ?’

ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ‘ಕಾಲೇಜಿಗೆ ಹೋಗ್ಯಾಳೆ, ಬರೋದು ಇನ್ನೊಂದು ವರ್ಷ ಆಗ್ತೈತೆ ಅನ್ನು.’